ಸಿದ್ದಜ್ಜನ ಇಪ್ಪತ್ತೇಳು ಕಲ್ಲುಗಳು

ಸಿದ್ದಜ್ಜ ಸತ್ತು ಹನ್ನೊಂದು ವರ್ಷವಾಗಿತ್ತು. ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಅವನಿಗೆ ಮೂರು ಸಾವಿರ ವರ್ಷ ವಯಸ್ಸಾಯಿತು.

ಹಾಗೆ ವಯಸ್ಸು ಮಾಡಿದವರು ಪುಟ್ಟಸ್ವಾಮಿ ಮೇಷ್ಟ್ರು. ಅವರಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ನೆಲೆನಿಂತ ಕುಟುಂಬ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ, ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾಗದೆ 'ಹೊಳೆದಂಡೆ ಪರಂಪರೆ ಬಳಗ' ಕಟ್ಟಿದ್ದರು. ಭಾನುವಾರ ಬಂತೆಂದರೆ ಹಳದಿ ಟೀಶರ್ಟಿನ ಹದಿನೈದು ಜನರನ್ನು ವ್ಯಾನಿಗೆ ತುಂಬಿಕೊಂಡು, ಎಲ್ಲಿ ಕಲ್ಲಿದೆಯೋ ಅಲ್ಲಿಗೆ ಹೊರಡುವರು. ಟೀಶರ್ಟಿನ ಬೆನ್ನಿಗೆ 'ನಮ್ಮ ಕಲ್ಲು, ನಮ್ಮ ಹೆಮ್ಮೆ' ಎಂದು ಬರೆದಿತ್ತು. ನಮ್ಮ ಅಂದರೆ ಯಾರದು ಎಂದು ಮುಂಭಾಗದಲ್ಲೂ ಬರೆದಿರಲಿಲ್ಲ.

ಗಿರಿ ಆ ದಿನ ಅಲ್ಲಿದ್ದದ್ದು ಸ್ವಯಂಸೇವಕನಾಗಿ. ಹಿಂದಿನ ಸಂಜೆ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಆನಂದ್, ಆಳುಗಳ ಸಾಲುಮನೆಗಳ ಲೈನಿನ ಮುಂದೆ ಬೈಕ್ ನಿಲ್ಲಿಸಿ, ಇಳಿಯದೆಯೇ ಹೇಳಿದ್ದ.

"ಏಯ್ ಗಿರಿ, ನಾಳೆ ಹೊಳೆ ಬದಿಗೆ ಕತ್ತಿ ತಕೊಂಡು ಬಾ. ಕುಶಾಲನಗರದವ್ರು ವೀರಗಲ್ಲು ಹುಡುಕ್ಲಿಕ್ಕೆ ಬರ್ತಾರೆ. ಕಾಡು ಸವರಿ ಕೊಡ್ಬೇಕು. ನಿನ್ನ ಹೆಸ್ರು ವಾಲಂಟಿಯರ್ ಅಂತ ಕೊಟ್ಟಿದ್ದೇನೆ."

"ಹಾಜರಿ ಉಂಟಾ ರೈಟರೇ?"

"ವಾಲಂಟಿಯರ್ ಅಂದ್ರೆ ಎಂತ ಅಂದ್ಕೊಂಡಿದ್ದಿ ಮಾರಾಯ?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಅರ್ಥವಾಗುವ ಹಾಗಿತ್ತು. ತಾನಾಗಿ ಬಂದವನು ಸ್ವಯಂಸೇವಕ. ಯಾರೋ ಕಳಿಸಿ ಬಂದವನು ಹಾಜರಿಯಿಲ್ಲದ, ಕೂಲಿಯಿಲ್ಲದ ಆಳು. ಟೀಶರ್ಟು ಮಾತ್ರ ಇಬ್ಬರಿಗೂ ಒಂದೇ. ಅವನಿಗೆ ಸಿಕ್ಕಿದ್ದು ಮೊಣಕಾಲಿನವರೆಗೆ ಇಳಿಯುವಂಥದು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಲಂಟಾನ ಸವರತೊಡಗಿದ.

ಆ ಎಸ್ಟೇಟು ಸಿದ್ದಾಪುರದ ಕಡೆಗಿತ್ತು. ಹೊಳೆ ಬದಿಯ ಆ ಮೂಲೆಯಲ್ಲಿ ಮಾತ್ರ ಯಾರೂ ಕಾಫಿ ಹಾಕಿರಲಿಲ್ಲ. ಎಸ್ಟೇಟು ಎಸ್ಟೇಟಾಗುವ ಮೊದಲೇ ಗಿರಿಯ ಹಾಡಿಯ ಜನ ತಮ್ಮವರನ್ನು ಮಣ್ಣು ಮಾಡುತ್ತಿದ್ದ ಜಾಗ ಅದು. ಕಾಡೊಳಗಿದ್ದ ಹಾಡಿಯಿಂದ ಎಬ್ಬಿಸಿ ಲೈನಿಗೆ ತಂದು ಹಾಕಿದ ಮೇಲೂ ಸತ್ತವರು ಅಲ್ಲಿಗೇ ಹೋಗುತ್ತಿದ್ದರು. ಅವರ ಪದ್ಧತಿ ದೊಡ್ಡದೇನಲ್ಲ. ಮಣ್ಣಿಗೆ ಬಂದವರು ಒಬ್ಬೊಬ್ಬರೂ ಹೊಳೆಗೆ ಇಳಿದು, ತಮ್ಮ ಕೈಯಲ್ಲಿ ಆಗುವಂಥ ಒಂದು ಕಲ್ಲು ಹೊತ್ತು ತಂದು, ಗುಂಡಿಯ ಸುತ್ತ ಇಡಬೇಕು. ಎಷ್ಟು ಜನ ಬಂದರೋ ಅಷ್ಟು ಕಲ್ಲು. ಸತ್ತವನಿಗೆ ತನಗೆ ಯಾರ್‍ಯಾರು ಬಂದಿದ್ದರು ಎಂದು ತಿಳಿಯಬೇಡವೇ, ಅಷ್ಟಕ್ಕೆ.

ಹಳೆಯ ಕಲ್ಲುಗಳು ಈಗ ಅಲ್ಲಿರಲಿಲ್ಲ. ಗಿರಿ ಹುಟ್ಟುವ ಮೊದಲೇ ಕಾಫಿ ಒಣಗಿಸುವ ಕಣಕ್ಕೆ ಗೋಡೆ ಕಟ್ಟಲು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದರು. ಉಳಿದದ್ದು ಆಮೇಲೆ ಸತ್ತವರದು, ಅದರಲ್ಲೂ ಕಣ್ಣಿಗೆ ಕಾಣುವಂತಿದ್ದದ್ದು ಒಂದೇ: ಸಿದ್ದಜ್ಜನದು. ಆ ದಿನ ಇಪ್ಪತ್ತೇಳು ಜನ ಬಂದಿದ್ದರು. ಮೊದಲ ಕಲ್ಲು ಅಜ್ಜಿ ಮುತ್ತಿ ಇಟ್ಟದ್ದು. ಎರಡನೆಯದು, ಆಗ ಹದಿಮೂರು ವರ್ಷದವನಾಗಿದ್ದ ಗಿರಿಯದು.

ಆ ಇಪ್ಪತ್ತೇಳಕ್ಕೂ ಈಗ ಸೀಮೆಸುಣ್ಣದಲ್ಲಿ ನಂಬರು ಬೀಳುತ್ತಿತ್ತು. ಬರೆಯುತ್ತಿದ್ದವಳು ರಶ್ಮಿತಾ, ಬಿ.ಎ. ಓದುತ್ತಿದ್ದ ಹುಡುಗಿ, ಬಳಗದ ಕಾರ್ಯದರ್ಶಿ. ಒಂದೊಂದು ಕಲ್ಲಿಗೂ ನಂಬರು ಹಾಕಿ, ಅಳತೆ ಹಿಡಿದು, ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದಳು.

"ಇಪ್ಪತ್ತಾರು, ಇಪ್ಪತ್ತೇಳು. ಮುಗೀತು ಸಾರ್."

ಪುಟ್ಟಸ್ವಾಮಿ ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಇನ್ನೊಂದ್ಸಲ ಎಣ್ಸಮ್ಮ."

ಇನ್ನೊಂದು ಸಲವೂ ಇಪ್ಪತ್ತೇಳೇ ಆಯಿತು.

"ನಕ್ಷತ್ರ ಎಷ್ಟು ಹೇಳ್ರಪ್ಪಾ?" ಎಂದು ಮೇಷ್ಟ್ರು ಹದಿನೈದು ಜನರನ್ನೂ ಕ್ಲಾಸಿನಲ್ಲಿ ಕೇಳುವಂತೆ ಕೇಳಿದರು. "ಅಶ್ವಿನಿಯಿಂದ ರೇವತಿವರೆಗೆ ಎಷ್ಟು?"

ಹಳದಿ ಟೀಶರ್ಟುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟವು.

ಆಮೇಲೆ ಒಂದರ ಹಿಂದೆ ಒಂದು ಬಂತು. ಕಲ್ಲಿನ ಮೇಲಿನ ಪಾಚಿ ನೋಡಿ ಬಹಳ ಹಳೆಯದು ಎಂದರು. ಕೊಡಗಿನ ಮಳೆಯಲ್ಲಿ ಎರಡು ವರ್ಷ ನಿಂತ ಜೀಪಿಗೂ ಅಷ್ಟೇ ಪಾಚಿ ಹಿಡಿಯುತ್ತದೆ. ಮಣ್ಣಲ್ಲಿ ಒಂದು ಮಡಕೆ ಚೂರು ಸಿಕ್ಕಿತು, ಒಂದು ಬದಿ ಕಪ್ಪು, ಒಂದು ಬದಿ ಕೆಂಪು. ಬೃಹತ್ ಶಿಲಾಯುಗದವರ ಕಪ್ಪು-ಕೆಂಪು ಮಡಕೆ ಎಂದು ಮೇಷ್ಟ್ರ ದನಿ ನಡುಗಿತು. ಅದು ಅಜ್ಜಿ ಗಂಜಿ ಕಾಯಿಸುತ್ತಿದ್ದ ಮಡಕೆ, ಒಲೆಯ ಮೇಲಿದ್ದ ಬದಿ ಕಪ್ಪಾಗಿತ್ತು, ಅಜ್ಜ ಸತ್ತ ದಿನ ಒಡೆದದ್ದು. ಕೊನೆಗೆ ಹದಿನೇಳನೇ ನಂಬರು. ಅದೊಂದು ಕಲ್ಲು ಮಾತ್ರ ಸುತ್ತಿನಲ್ಲಿ ಇರದೆ ಎರಡು ಮಾರು ಆಚೆ, ಸರಿಯಾಗಿ ಪೂರ್ವಕ್ಕೆ ಒಂಟಿಯಾಗಿ ಕೂತಿತ್ತು. ಮೇಷ್ಟ್ರು ಅದರ ಹಿಂದೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಸೂರ್ಯ ಹುಟ್ಟೋ ದಿಕ್ಕು ಕಣ್ರಪ್ಪ. ಇದು ಬರೀ ಸಮಾಧಿ ಅಲ್ಲ. ಇದು ಪಂಚಾಂಗ. ಮೂರು ಸಾವಿರ ವರ್ಷದ ಹಿಂದೆ ಇಲ್ಲಿ ಆಕಾಶ ಓದೋ ಜನ ಇದ್ರು."

ಗಿರಿಗೆ ಬಾಯಿ ತೆರೆಯಬೇಕೆನಿಸಿತು. 'ಸಾರ್, ಅದು ನಮ್ಮಜ್ಜ, ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸತ್ತವನು, ಆಕಾಶ ಓದುವುದಿರಲಿ, ಹಾಜರಿ ಪುಸ್ತಕದಲ್ಲಿ ತನ್ನ ಹೆಸರನ್ನೂ ಓದಲು ಬರುತ್ತಿರಲಿಲ್ಲ' ಎನ್ನಬೇಕೆನಿಸಿತು. ತೆರೆಯುವಷ್ಟರಲ್ಲಿ ಆನಂದನ ಮುಖ ಕಂಡಿತು. ರೈಟರಿನ ಮುಖ ಸುಣ್ಣದಂತಾಗಿತ್ತು.

ಗಿರಿ ಬಾಯಿ ಮುಚ್ಚಿಕೊಂಡ. ಕಾರಣವಿತ್ತು. ಮೂರು ವರ್ಷದ ಹಿಂದೆ ಸಾವ್ಕಾರರು, ಅಂದರೆ ಎಸ್ಟೇಟಿನ ಮಾಲೀಕರು, ಇನ್ನು ಅಲ್ಲಿ ಹೆಣ ಹೂಳಬಾರದು ಎಂದು ಹೇಳಿಸಿದ್ದರು. ಅಲ್ಲಿ ಹೋಂಸ್ಟೇ ಏಳುವುದಿತ್ತು. ಸಿದ್ದಜ್ಜ ಮಲಗಿದ್ದ ಜಾಗಕ್ಕೆ ಈಜುಕೊಳ. ಕೊಯ್ಲು ಶುರುವಾಗುವ ಮೊದಲು ಜೆಸಿಬಿ ಬರುತ್ತದೆಂದು ಡ್ರೈವರೇ ಸಿದ್ದಾಪುರದ ಚಹಾದಂಗಡಿಯಲ್ಲಿ ಹೇಳಿಹೋಗಿದ್ದ. ಸತ್ತವರಿಗೆ ಬೇರೆ ಜಾಗ ತೋರಿಸಿದ್ದರು: ಹತ್ತು ಕಿಲೋಮೀಟರು ಆಚೆ, ಪೇಟೆಯ ಕಸ ತಂದು ಸುರಿಯುವ ಗುಡ್ಡದ ಮಗ್ಗುಲಲ್ಲಿ. ಮೂರು ವರ್ಷದಲ್ಲಿ ಲೈನಿನ ನಾಲ್ವರು ಅಲ್ಲಿಗೆ ಹೋಗಿದ್ದರು. ಅಲ್ಲಿ ಹೊಳೆಯಿಲ್ಲ, ಕಲ್ಲಿಲ್ಲ. ಎರಡನೆಯವನನ್ನು ನಾಯಿಗಳು ಎಬ್ಬಿಸಿದ್ದವು.

ಅಜ್ಜನಿಗೆ ಹನ್ನೊಂದು ವರ್ಷವಾದರೆ ಅವನ ಮೇಲೆ ಟೂರಿಸ್ಟುಗಳು ಈಜುತ್ತಾರೆ. ಮೂರು ಸಾವಿರವಾದರೆ ಯಾರೂ ಮುಟ್ಟುವುದಿಲ್ಲ. ಲೆಕ್ಕದಲ್ಲಿ ಯಾವತ್ತೂ ಪಾಸಾಗದ ಗಿರಿ ಈ ಲೆಕ್ಕವನ್ನು ನಿಂತಲ್ಲೇ ಮಾಡಿ ಮುಗಿಸಿದ.

ಮಧ್ಯಾಹ್ನ ಬಳಗದವರು ಕಣದ ಗೋಡೆಯ ಮೇಲೆ ಸಾಲಾಗಿ ಕೂತು ಪುಳಿಯೋಗರೆ ತಿಂದರು. ನಮ್ಮ ಜನರಿಗೆ ಕಲ್ಲಿನ ಬೆಲೆ ಗೊತ್ತಿಲ್ಲ ಎಂದು ಮೇಷ್ಟ್ರು ನೊಂದುಕೊಂಡರು. ಅವರು ಕೂತಿದ್ದದ್ದು ಗಿರಿಯ ಮುತ್ತಜ್ಜ, ಮುತ್ತಜ್ಜಿ, ಅವರಪ್ಪ ಅವ್ವಂದಿರಿಗೆ ಬಂದವರು ಹೊತ್ತ ಕಲ್ಲುಗಳ ಮೇಲೆ. ಗಿರಿ ಎಲ್ಲರಿಗೂ ನೀರು ತಂದುಕೊಟ್ಟ.

ಸಂಜೆ ಲೈನಿನಲ್ಲಿ ಅಜ್ಜಿಗೆ ಹೇಳಿದಾಗ ಅವಳು ಕೆಮ್ಮು ಬರುವಷ್ಟು ನಕ್ಕಳು.

"ಬದುಕಿದ್ದಾಗ ಅವ್ನನ್ನು ಒಬ್ರೂ ಕೂತ್ಕೋ ಅನ್ನಲಿಲ್ಲ. ಈಗ ಸುತ್ತ ನಿಂತು ಫೋಟೋ ತೆಗ್ದ್ರಾ?"

"ಮೇಲಿಂದ್ಲೂ ತೆಗ್ದ್ರು ಅಜ್ಜಿ. ಹಾರೋ ಮಿಷನ್ ಬಿಟ್ಟು."

"ಹೆದರಿರ್ಬೇಕು ಪಾಪ." ಮುತ್ತಿ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು, "ಅವ್ನ ಎಡಗಡೆ ಖಾಲಿ ಉಂಟಲ್ಲ?"

"ಉಂಟು."

"ಅದು ನಂದು. ಆ ಕಸದ ಗುಡ್ಡೆ ಹತ್ರ ನನ್ನನ್ನು ಬಿಸಾಕ್ಬೇಡ ಮಗಾ. ವಾಸನೆ ಹೋಗ್ಲಿ, ಗುರ್ತಿದ್ದವ್ರು ನಾಲ್ಕೇ ಜನ ಅಲ್ಲಿ."

"ಆಯ್ತು ಅಜ್ಜಿ" ಎಂದ ಗಿರಿ. ಅವತ್ತು ಅದು ಸುಲಭದ ಮಾತಾಗಿತ್ತು.

ಪೇಪರಿನಲ್ಲಿ ಬಂತು. ಜೆಸಿಬಿ ಬರಲಿಲ್ಲ. ಸಾವ್ಕಾರರು ಒಂದು ವಾರ ಉರಿದುಬಿದ್ದು, ಎರಡನೇ ವಾರ, ಆಳುಗಳ ಹೆಣ ಹೂಳಿದ ಜಾಗವೆಂದರೆ ಬರುವವರೂ ಬರುವುದಿಲ್ಲವೆಂದು ಯೋಚಿಸಿ, ಮೂರನೇ ವಾರ ಈಜುಕೊಳವನ್ನು ಐವತ್ತು ಮೀಟರು ಮೇಲಕ್ಕೆ ಸರಿಸಿ ಹೋಂಸ್ಟೇಗೆ 'ನಕ್ಷತ್ರ' ಎಂದು ಹೆಸರಿಟ್ಟರು. ಬಳಗದವರು ಹಳದಿ ಬೋರ್ಡು ಮಾಡಿಸಿ ತಂದರು: 'ಪರಂಪರೆ ತಾಣ. ಮಣ್ಣು ಅಗೆಯಬಾರದು. ಕಲ್ಲು ಸರಿಸಬಾರದು. ಕಲ್ಲು ತಂದು ಹಾಕಬಾರದು.' ಮಣ್ಣು ಅಗೆಯಬಾರದೆಂಬ ಬೋರ್ಡು ನೆಡಲು ಎರಡಡಿ ಗುಂಡಿ ಅಗೆದವನು ಗಿರಿ. ಸಿಮೆಂಟು ಮೂಟೆ ಹೊತ್ತವನೂ ಅವನೇ. ಕೆಲಸ ಮುಗಿದ ಮೇಲೆ ಮೇಷ್ಟ್ರು ಅವನ ಕೊರಳಿಗೆ ಒಂದು ಕಾರ್ಡು ನೇತುಹಾಕಿ ಚಪ್ಪಾಳೆ ಹೊಡೆಸಿದರು. ಕಾರ್ಡಿನಲ್ಲಿ ಅವನ ಫೋಟೋ, ಕೆಳಗೆ 'ತಾಣರಕ್ಷಕ (ಸ್ವಯಂಸೇವೆ)'.

"ಇನ್ಮೇಲೆ ಇದರ ಜವಾಬ್ದಾರಿ ನಿಂದು ಕಣಪ್ಪ. ಯಾರೇ ಬಂದು ಒಂದು ಹಿಡಿ ಮಣ್ಣು ಕೆರೆದ್ರೂ ನಂಗೆ ಫೋನ್ ಮಾಡ್ಬೇಕು."

"ಯಾರೇ ಬಂದ್ರೂನಾ ಸಾರ್?"

"ಯಾರೇ ಬಂದ್ರೂ."

ಹೀಗೆ, ತನ್ನ ಅಜ್ಜಿ ಅಜ್ಜನ ಪಕ್ಕಕ್ಕೆ ಬಾರದಂತೆ ಕಾಯುವ ಕೆಲಸ ಗಿರಿಗೆ ಸಿಕ್ಕಿತು, ಪುಕ್ಕಟೆಗೆ.

ಶನಿವಾರ ಭಾನುವಾರ ದುಬಾರೆಯಲ್ಲಿ ಆನೆ ಮೀಯಿಸಿ ಮುಗಿಸಿದವರು ಕಾರುಗಳಲ್ಲಿ ಇತ್ತ ಬರತೊಡಗಿದರು. ಗಿರಿ ಕಲ್ಲು ತೋರಿಸಿ, ಬಾಯಿಪಾಠ ಮಾಡಿದ್ದನ್ನು ಹೇಳುವನು: ಇಪ್ಪತ್ತೇಳು ನಕ್ಷತ್ರ, ಹದಿನೇಳನೆಯದು ಸೂರ್ಯನ ದಿಕ್ಕು. ಒಬ್ಬ ಹೆಂಗಸು ಒಂಬತ್ತನೇ ನಂಬರಿನ ಮೇಲೆ ಕೂಲಿಂಗ್ ಗ್ಲಾಸು ಇಟ್ಟು ಫೋಟೋ ತೆಗೆದಳು. ಅದು ಹುಚ್ಚಮ್ಮನ ಕಲ್ಲು. ಹುಚ್ಚಮ್ಮ ಆಗಲೇ ಕಸದ ಗುಡ್ಡೆಯ ಪಾಲಾಗಿದ್ದಳು. ಗಿರಿಯ ಕೈ ತಾನಾಗಿ ಕತ್ತಿಯ ಹಿಡಿಗೆ ಹೋಗುತ್ತಿತ್ತು. ಹೋಗಿ, ಅಲ್ಲೇ ಪಕ್ಕದ ಲಂಟಾನದ ಮೇಲೆ ಬೀಳುತ್ತಿತ್ತು. ಆ ಎರಡು ತಿಂಗಳು ಹೊಳೆ ಬದಿಯಷ್ಟು ಚೊಕ್ಕಟವಾದ ಜಾಗ ಇಡೀ ಎಸ್ಟೇಟಿನಲ್ಲಿ ಇರಲಿಲ್ಲ.

ನವೆಂಬರಿಗೆ ಮುತ್ತಿ ಹಾಸಿಗೆ ಹಿಡಿದಳು. ಸಿದ್ದಾಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಮನೆಗೆ ಕರೆದುಕೊಂಡು ಹೋಗಿ, ಬೇಕೆಂದದ್ದು ಕೊಡಿ ಎಂದರು. ಬೇಕೆಂದದ್ದು ಒಂದೇ. ಗಂಜಿ ಕುಡಿಸುವಾಗಲೂ ಅಜ್ಜಿ ಅವನ ಮುಖ ನೋಡುವಳು, ಕೇಳುತ್ತಿರಲಿಲ್ಲ. ಕೇಳದಿದ್ದದ್ದೇ ಗಿರಿಗೆ ಕಷ್ಟವಾದದ್ದು.

ದಾರಿ ತೋರಿಸಿದವಳು ರಶ್ಮಿತಾ, ಅವಳಿಗೇ ಗೊತ್ತಿಲ್ಲದೆ. ಅಳತೆಪಟ್ಟಿ ಹಿಡಿದು ಬಂದವಳು ಉತ್ಸಾಹದಲ್ಲಿ ಹೇಳಿದಳು, "ಗಿರಿ ಅಣ್ಣ, ಪರಂಪರೆ ಸಪ್ತಾಹಕ್ಕೆ ನಾವೊಂದು ಪ್ರಾತ್ಯಕ್ಷಿಕೆ ಮಾಡ್ತಿದ್ದೇವೆ. ಆ ಕಾಲದವ್ರು ಈ ಸಮಾಧಿನ ಹೇಗೆ ಕಟ್ಟಿದ್ರು ಅಂತ ನಾವೇ ಒಂದು ಕಟ್ಟಿ ನೋಡೋದು. ಆರಡಿ ಗುಂಡಿ ತೆಗ್ದು, ಹೊಳೆಯಿಂದ ಕಲ್ಲು ತಂದು, ಎಲ್ಲ ಹಾಗೇ. ಸಾವ್ಕಾರ್ರು ಸಹಿ ಹಾಕಿ ಕೊಟ್ಟಿದ್ದಾರೆ."

"ಗುಂಡಿ ಎಲ್ಲಿ ತೆಗಿಯೋದು?"

"ಅದೇ ನೋಡ್ಬೇಕು. ಹಳೇದಕ್ಕೆ ತೊಂದ್ರೆ ಆಗ್ಬಾರ್ದು. ನಾಳೆ ಮೇಷ್ಟ್ರು ಬಂದು ಹೇಳ್ತಾರೆ."

ಮರುದಿನ ಮೇಷ್ಟ್ರು ಬಂದಾಗ ಗಿರಿ ಮೊದಲ ಸಲ ಯಾರೂ ಕೇಳದೆಯೇ ಮಾತಾಡಿದ. "ಎಡಗಡೆ ತೆಗಿಯುವ ಸಾರ್. ಅಲ್ಲಿ ಮಣ್ಣು ಮೆತ್ತಗೆ, ಬೇರು ಇಲ್ಲ."

"ನೋಡಿದ್ರಾ" ಎಂದು ಮೇಷ್ಟ್ರು ಬಳಗದ ಕಡೆ ತಿರುಗಿದರು. "ಇದನ್ನೇ ಸ್ಥಳೀಯ ಜ್ಞಾನ ಅನ್ನೋದು. ಪುಸ್ತಕದಲ್ಲಿ ಸಿಗಲ್ಲ."

ಶನಿವಾರ ಬೆಳಿಗ್ಗೆ ಟೀಶರ್ಟಿನವರೆಲ್ಲ ಸೇರಿ ಗುಂಡಿ ತೆಗೆದರು. ಅಂದರೆ ಆರು ಜನ ಒಂದೊಂದು ಗುದ್ದಲಿ ಏಟು ಹಾಕಿ ಫೋಟೋ ತೆಗೆಸಿಕೊಂಡರು, ಉಳಿದದ್ದನ್ನು ಗಿರಿ ತೆಗೆದ. ಇಷ್ಟು ಮನಸ್ಸಿಟ್ಟು ಅವನು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಗೋಡೆ ನೇರಕ್ಕೆ ಸವರಿದ, ತಳ ಮಟ್ಟ ಮಾಡಿದ, ತಲೆಯಿಡುವ ಕಡೆ ಸ್ವಲ್ಪ ಎತ್ತರಿಸಿದ. ಇಷ್ಟು ಚೆನ್ನಾಗಿ ಯಾಕಪ್ಪ ಎಂದು ಮೇಷ್ಟ್ರು ನಕ್ಕರು. ಮಧ್ಯಾಹ್ನ ಕೈಕಾಲು ತೊಳೆದು ಲೈನಿಗೆ ಬಂದರೆ ಬಾಗಿಲಲ್ಲಿ ಕೆಂಚಿ ಕೂತಿದ್ದಳು, ಪಕ್ಕದ ಮನೆಯವಳು. ಮುಖ ನೋಡಿದ ಕೂಡಲೇ ಗಿರಿಗೆ ತಿಳಿಯಿತು.

"ಈಗ ಒಂದು ಗಳಿಗೆ ಮುಂಚೆ. ನೀನೆಲ್ಲಿ ಅಂತ ಕೇಳಿದ್ಳು. ಗುಂಡಿ ತೆಗಿತಿದ್ದಾನೆ ಅಂದೆ. ಹಾಗಾದ್ರೆ ಸರಿ ಅಂದ್ಳು."

ಭಾನುವಾರ ಹತ್ತು ಗಂಟೆಗೆ ಬಳಗದ ವ್ಯಾನು ಹೊಳೆ ಬದಿಗೆ ಬಂದು ನಿಂತಿತು. ಅದೇ ಹೊತ್ತಿಗೆ ಲೈನಿನ ಕಡೆಯಿಂದ ಬಿದಿರಿನ ಚಟ್ಟ ಹೊತ್ತುಕೊಂಡು ನಲವತ್ತು ಜನ ಕಾಫಿ ಗಿಡಗಳ ನಡುವಿನಿಂದ ಇಳಿದು ಬಂದರು. ಮುಂದಿನ ಕೊನೆಗೆ ಗಿರಿ, ಕೊರಳಲ್ಲಿ ಕಾರ್ಡು.

ಆನಂದ್ ಬೈಕಿನಲ್ಲಿ ಹಿಂದೆಯೇ ಬಂದು ಎದುರಿಗೆ ಅಡ್ಡ ನಿಲ್ಲಿಸಿದ.

"ಗಿರಿ, ಇಲ್ಲಿ ಆಗೋದಿಲ್ಲ ಅಂತ ಗೊತ್ತಿಲ್ವಾ ನಿಂಗೆ? ಮೂರು ವರ್ಷದಿಂದ ಹೇಳ್ತಾ ಇಲ್ವಾ? ಜೀಪು ಕೊಡಿಸ್ತೇನೆ, ಆಚೆ ಜಾಗಕ್ಕೆ ತಕೊಂಡು ಹೋಗಿ. ಸಾವ್ಕಾರ್ರಿಗೆ ಗೊತ್ತಾದ್ರೆ ನನ್ನ ಚರ್ಮ ಸುಲಿತಾರೆ."

ಗಿರಿ ಚಟ್ಟ ಇಳಿಸಲು ಹೇಳಿದ. ಪುಟ್ಟಸ್ವಾಮಿ ಮೇಷ್ಟ್ರು ಟೋಪಿ ತೆಗೆದು ಹತ್ತಿರ ಬಂದಿದ್ದರು.

"ಅಯ್ಯೋ ಪಾಪ. ಯಾರಪ್ಪಾ?"

"ನಮ್ಮಜ್ಜಿ ಸಾರ್."

"ಛೆ ಛೆ. ಆದ್ರೆ ಇಲ್ಲಿ ಹೇಗಪ್ಪಾ? ನೀನೇ ರಕ್ಷಕ, ನೀನೇ ಹಿಂಗೆ ಮಾಡಿದ್ರೆ?" ಮೇಷ್ಟ್ರು ದನಿ ತಗ್ಗಿಸಿದರು, ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. "ನಾಳೆ ಇಲಾಖೆಯೋರು ಬಂದು ಇಲ್ಲಿ ಅಗೆದ್ರೆ, ನಿಮ್ಮಜ್ಜಿ ಮೂಳೆ ಸಿಕ್ರೆ, ಕಾಲನಿರ್ಣಯ ಎಲ್ಲ ಕಲಸುಮೇಲೋಗರ ಆಗೋಗುತ್ತೆ ಕಣಯ್ಯ. ಹಳೇ ಕಾಲದೋರ ಜಾಗದಲ್ಲಿ ಈಗಿನೋರನ್ನ ಹಾಕ್ಬಾರ್ದು."

"ಒಂದು ನಿಮಿಷ ಬನ್ನಿ ಸಾರ್" ಎಂದ ಗಿರಿ. ಅವರ ಮೊಣಕೈ ಹಿಡಿದು ಸಿದ್ದಜ್ಜನ ಕಲ್ಲುಗಳ ಹತ್ತಿರ ಕರೆದುಕೊಂಡು ಹೋದ. ರಶ್ಮಿತಾ ಹಿಂದೆಯೇ ಬಂದಳು. ಸೀಮೆಸುಣ್ಣ ಮಳೆಗೆ ಹೋಗುತ್ತದೆಂದು ಬಳಗದವರು ಆಮೇಲೆ ಬಿಳಿ ಪೇಂಟಿನಲ್ಲಿ ನಂಬರು ತಿದ್ದಿದ್ದರು. ಅದು ಈಗ ಒಳ್ಳೆಯದೇ ಆಯಿತು.

"ಒಂದನೇ ನಂಬರು ನಮ್ಮಜ್ಜಿ ಇಟ್ಟದ್ದು. ಅಲ್ಲಿ ಮಲಗಿಸಿದ್ದೇವಲ್ಲ, ಅವ್ಳು. ಎರಡು ನಂದು. ಮೂರು ನಮ್ಮಪ್ಪಂದು, ಅವ ಊರು ಬಿಟ್ಟು ಹೋದ. ಐದು ದೊಡ್ಡಿ, ಆ ಕೆಂಪು ಸೀರೆಯವ್ಳು. ಒಂಬತ್ತು ಹುಚ್ಚಮ್ಮ, ಕಸದ ಗುಡ್ಡೆಲಿದ್ದಾಳೆ. ಹನ್ನೆರಡು, ಹದಿಮೂರು ಮಾದಾಪುರದಿಂದ ಬಂದ ಅಣ್ಣ ತಮ್ಮ. ಸುತ್ತಿನ ಒಳಗೆ ಇರೋದು ನಮ್ಮಜ್ಜ, ಸಿದ್ದ. ಹನ್ನೊಂದು ವರ್ಷ ಆಯ್ತು. ನಿಮ್ಮ ಡಬ್ಬಿಲಿ ಹತ್ತಿ ಸುತ್ತಿ ಇಟ್ಟಿದ್ದೀರಲ್ಲ, ಆ ಮಡಕೆ ಸಿದ್ದಾಪುರದ ಸಂತೇದು."

ಮೇಷ್ಟ್ರು ಒಂದನೇ ನಂಬರನ್ನೂ ಎರಡನೇ ನಂಬರನ್ನೂ ನೋಡಿದರು. ನೋಡುತ್ತಲೇ ಇದ್ದರು.

"ಈ ಇಪ್ಪತ್ತೇಳು ಜನರಲ್ಲಿ ಹತ್ತೊಂಬತ್ತು ಜನ ಇಲ್ಲೇ ನಿಂತಿದ್ದಾರೆ ಸಾರ್. ಒಬ್ಬೊಬ್ರನ್ನೇ ಕೂಗಲಾ?"

"ಬೇಡ" ಎಂದರು ಮೇಷ್ಟ್ರು ಬೇಗನೆ. ಮುಂದಿನ ತಿಂಗಳು ಮೈಸೂರಿನ ಒಂದು ಸಮ್ಮೇಳನದಲ್ಲಿ ಅವರು ಪ್ರಬಂಧ ಓದುವುದಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ಕರೆದಿದ್ದರು. ಬರುವಾಗ ವ್ಯಾನಿನಲ್ಲಿ ಅದನ್ನೇ ಎರಡು ಸಲ ಓದಿ ಹೇಳಿದ್ದರು. ಅವರ ಮೇಲುದುಟಿಯ ಮೇಲೆ ಬೆವರು ಕೂತಿತು. "ಆವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ ಸಾರ್. ಕಲ್ಲು ಎಣಿಸಿದ್ರಿ, ಪಾಚಿ ನೋಡಿದ್ರಿ, ಮಣ್ಣು ಜರಡಿ ಹಿಡಿದ್ರಿ. ಕತ್ತಿ ಹಿಡ್ಕೊಂಡು ನಿಂತವ್ನ ಹತ್ರ ಇದೆಂತದು ಅಂತ ಒಬ್ರು ಕೇಳ್ಬಹುದಿತ್ತು. ಮತ್ತೆ, ಹೇಳಿದ್ರೆ ಜೆಸಿಬಿ ಬರ್ತಿತ್ತು."

"ಈಗ ಹೇಳಿದ್ರೂ ಬರುತ್ತೆ."

"ಬರ್ತದೆ. ನಮ್ಮಜ್ಜನೂ ಹೋಗ್ತಾನೆ, ನಿಮ್ಮ ಮೈಸೂರೂ ಹೋಗ್ತದೆ. ಅದಕ್ಕೇ ಜೋರಾಗಿ ಹೇಳ್ಲಿಲ್ಲ. ನಮ್ಮಜ್ಜಿ ಇಲ್ಲಿ ಮಲಗಿದ್ರೆ ಯಾವತ್ತೂ ಹೇಳೋದಿಲ್ಲ."

ರಶ್ಮಿತಾ ಕೈಯಲ್ಲಿದ್ದ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಅವಳು ಗಿರಿಯನ್ನು ನೋಡುತ್ತಿರಲಿಲ್ಲ, ಮೇಷ್ಟ್ರನ್ನು ನೋಡುತ್ತಿದ್ದಳು. ಅದು ಮೇಷ್ಟ್ರಿಗೂ ಗೊತ್ತಾಯಿತು.

ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಆನಂದನ ಕಡೆ ತಿರುಗಿದಾಗ, ಕೊನೆಯ ಬೆಂಚಿನವರೆಗೆ ಕೇಳಿಸುವ ಮೂವತ್ತು ವರ್ಷದ ಹಳೆಯ ದನಿ ಅವರಿಗೆ ವಾಪಸು ಬಂದಿತ್ತು.

"ಏನ್ರೀ ಆನಂದ್, ನಿಮ್ಮ ಸಾಹುಕಾರ್ರು ಕೊಟ್ಟ ಅನುಮತಿ ಪತ್ರ ಓದಿದ್ದೀರಾ? 'ಸ್ಥಳೀಯ ಸಮುದಾಯದ ಸಹಭಾಗಿತ್ವದಲ್ಲಿ ಸಾಂಪ್ರದಾಯಿಕ ಸಮಾಧಿ ನಿರ್ಮಾಣದ ಪ್ರಾತ್ಯಕ್ಷಿಕೆ.' ಕೆಳಗೆ ಸಹಿ, ಸೀಲು. ಇವ್ರೇ ಸ್ಥಳೀಯ ಸಮುದಾಯ."

"ಅದು ತೋರ್ಸೋದಕ್ಕೆ ಸಾರ್. ಇದು ಹೆಣ."

"ಸಮಾಧಿ ಅಂದ್ಮೇಲೆ ಒಳಗೆ ಏನಿಡ್ಬೇಕ್ರೀ, ತೆಂಗಿನಕಾಯಾ?"

ಆನಂದ್ ಫೋನು ತೆಗೆದು ಹೊಳೆ ದಂಡೆಯುದ್ದಕ್ಕೂ ಸಿಗ್ನಲ್ ಹುಡುಕುತ್ತ ನಡೆದ. ಅಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆಯೂ ಅವನು ಬಂದಿದ್ದ, ಅಲ್ಲೇ ಆ ಹಲಸಿನ ಮರದ ಕೆಳಗೆ ದೂರಕ್ಕೆ ನಿಂತಿದ್ದ, ಕಲ್ಲು ಇಟ್ಟಿರಲಿಲ್ಲ. ಇಟ್ಟಿದ್ದರೆ ಇಪ್ಪತ್ತೆಂಟಾಗಿ, ಮೂರು ಸಾವಿರ ವರ್ಷ ತಪ್ಪಿಹೋಗುತ್ತಿತ್ತು. ಅಷ್ಟರಮಟ್ಟಿಗೆ ಈ ತಾಣದ ಸಂಶೋಧನೆಯಲ್ಲಿ ಅವನದೂ ಪಾಲಿದೆ.

ಮುತ್ತಿಯನ್ನು ಇಳಿಸಿದರು. ತಲೆಯಿಡುವ ಕಡೆ ಎತ್ತರಿಸಿದ ಮಣ್ಣು ಸರಿಯಾಗಿ ಕುತ್ತಿಗೆಗೆ ಬಂತು. ಗಿರಿ ಕೊರಳಿನ ಕಾರ್ಡು ಬಿಚ್ಚಿ ಜೇಬಿಗೆ ಹಾಕಿಕೊಂಡು ಮೊದಲ ಹಿಡಿ ಮಣ್ಣು ಹಾಕಿದ. ಹೊಳೆಗೆ ಇಳಿದು ಮೊದಲ ಕಲ್ಲನ್ನೂ ಅವನೇ ತಂದ. ಹಿಂದೆ ದೊಡ್ಡಿ, ಕೆಂಚಿ, ಕೆಂಚಿಯ ಹನ್ನೊಂದು ವರ್ಷದ ಮಗಳು, ಒಬ್ಬರ ಹಿಂದೆ ಒಬ್ಬರು. ಟೀಶರ್ಟಿನವರು ಕ್ಯಾಮೆರಾ ತೆಗೆಯಬೇಕೋ ಬಾರದೋ ತಿಳಿಯದೆ ಬೋರ್ಡಿನ ಪಕ್ಕ ಗುಂಪಾಗಿ ನಿಂತಿದ್ದರು. ಬೋರ್ಡು ಮಣ್ಣು ಅಗೆಯಬಾರದು, ಕಲ್ಲು ತಂದು ಹಾಕಬಾರದು ಎನ್ನುತ್ತಲೇ ಇತ್ತು.

ರಶ್ಮಿತಾ ಮುಂದೆ ಬಂದಳು. "ಅಣ್ಣ, ನಾನೂ ಇಡಬಹುದಾ?"

"ಮಣ್ಣಿಗೆ ಬಂದವ್ರೆಲ್ಲ ಇಡ್ಬೇಕು. ನಿಮ್ಮ ಕೈಲಿ ಆಗುವಷ್ಟು ದೊಡ್ಡದು ಸಾಕು."

ಅವಳು ಚಪ್ಪಲಿ ಬಿಚ್ಚಿ ನೀರಿಗಿಳಿದಳು. ಅವಳ ಹಿಂದೆ ಇಬ್ಬರು ಹೋದರು, ಆಮೇಲೆ ನಾಲ್ವರು, ಕೊನೆಗೆ ಎಲ್ಲರೂ. ಆ ದಿನ ಮೊದಲ ಬಾರಿಗೆ ಯಾರೂ ಹೇಳದೆ, ಯಾರೂ ಕಳಿಸದೆ, ಫೋಟೋ ತೆಗೆಯದೆ ಬಳಗದವರು ಕೆಲಸ ಮಾಡಿದರು. ತನ್ನ ಕಲ್ಲು ಇಟ್ಟಮೇಲೆ ರಶ್ಮಿತಾಳ ಕೈ ಅಭ್ಯಾಸಬಲದಿಂದ ಸೀಮೆಸುಣ್ಣಕ್ಕೆ ಹೋಯಿತು. ಹೊರಗೆ ಬಂದ ಸುಣ್ಣದ ಕಡ್ಡಿಯನ್ನು ಒಂದು ಕ್ಷಣ ನೋಡಿ ಹೊಳೆಗೆ ಎಸೆದಳು.

ಎಲ್ಲರೂ ಲೈನಿನ ಕಡೆ ಹೊರಟ ಮೇಲೂ ಪುಟ್ಟಸ್ವಾಮಿ ಮೇಷ್ಟ್ರು ಮಾತ್ರ ಉಳಿದರು. ಅವರದೂ ಒಂದು ಕಲ್ಲು ಬಿದ್ದಿತ್ತು, ಮಂಡಿ ನೋವಿನವರು ತರಬಹುದಾದ ತೆಂಗಿನಕಾಯಿ ಗಾತ್ರದ್ದು. ಅವರು ಹೊಸ ಸುತ್ತನ್ನು ನೋಡುತ್ತಿರಲಿಲ್ಲ. ಹಳೆಯದರಿಂದ ಎರಡು ಮಾರು ಆಚೆ ಕೂತಿದ್ದ ಒಂಟಿ ಕಲ್ಲಿನ ಮುಂದೆ ನಿಂತಿದ್ದರು. ಪ್ರಬಂಧದ ಹನ್ನೊಂದು ಪುಟಗಳಲ್ಲಿ ಆರು ಪುಟ ಆ ಕಲ್ಲಿನ ಮೇಲಿತ್ತು.

"ಗಿರಿ, ನೀನು ಹದಿನೇಳು ಹೇಳ್ಲೇ ಇಲ್ಲ. ಇದು ಯಾರದು?"

"ಕೆಂಚಕ್ಕಂದು ಸಾರ್. ಆಗ ಅವ್ಳು ಎಂಟು ತಿಂಗಳ ಬಸುರಿ. ಬೇಡ ಅಂದ್ರೂ ದೊಡ್ಡದೇ ಎತ್ಕೊಂಡ್ಳು, ನಮ್ಮಜ್ಜ ಅಂದ್ರೆ ಅವ್ಳಿಗೆ ಜೀವ. ಇಲ್ಲಿಗೆ ಬರುವಾಗ ಸೊಂಟ ಹಿಡ್ಕೊಂಡಿತು. ಇನ್ನು ಆಗೋದಿಲ್ಲ ಅಂತ ಇಲ್ಲೇ ಇಟ್ಬಿಟ್ಳು. ಇಟ್ಟ ಮೇಲೆ ಸರಿಸ್ಬಾರ್ದು ನಮ್ಮಲ್ಲಿ."

ಮೇಷ್ಟ್ರು ಕಲ್ಲಿನ ಹಿಂದೆ ಹೋಗಿ, ಮಂಡಿಯೂರಲು ನೋಡಿ, ಆಗದೆ, ಬಗ್ಗಿ ಒಂದು ಕಣ್ಣು ಮುಚ್ಚಿದರು.

"ಆದ್ರೂ" ಎಂದರು, "ನೆಟ್ಟಗೆ ಪೂರ್ವಕ್ಕೇ ಇಟ್ಟಿದ್ದಾಳಲ್ಲಯ್ಯ. ಅದು ಹೆಂಗೆ?"

ಗಿರಿ ಅವರು ನೋಡುತ್ತಿದ್ದ ಕಡೆಯೇ ನೋಡಿದ.

"ಹೊಳೆ ಇರೋದೇ ಆ ಕಡೆ ಸಾರ್."